ಶ್ರೀಸಾಮಾನ್ಯನಿಗೆ ಮೊಳಗಿದ ಕಹಳೆ: ಫ್ಯಾನ್‌ಫೇರ್ ಎಂದರೇನು, ಅದು ಕೆಲಸ ಮಾಡುವುದು ಹೇಗೆ?

ಮದುವೆ ಮಂಟಪದಲ್ಲಿ ಓಲಗದವರು ತಮ್ಮ ಪಾಡಿಗೆ ಒಂದು ಕೀರ್ತನೆ ನುಡಿಸುತ್ತಿರುತ್ತಾರೆ. ಕೇಳುವವರು ಕೇಳುತ್ತಾರೆ, ಊಟದ ಹಾಲ್ ಕಡೆ ಕಣ್ಣಿಟ್ಟವರು ಅತ್ತಲೇ ನೋಡುತ್ತಾರೆ. ಅಷ್ಟರಲ್ಲಿ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎನ್ನುತ್ತಾರೆ. ಡೋಲು ಒಮ್ಮೆಲೇ ಭೋರ್ಗರೆಯುತ್ತದೆ, ನಾಗಸ್ವರ ತಾರಸ್ಥಾಯಿಗೆ ಹಾರುತ್ತದೆ, ಕತ್ತುಗಳೆಲ್ಲ ಮಂಟಪದತ್ತ ತಿರುಗುತ್ತವೆ. ಅರ್ಧ ನಿಮಿಷದ ಆ ಸದ್ದಿನಲ್ಲಿ ಯಾವ ರಾಗವಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ಅದು ಹೇಳಬೇಕಾಗಿದ್ದದ್ದು ಒಂದೇ ಮಾತು: ಈಗ ತಾಳಿ ಕಟ್ಟುತ್ತಿದ್ದಾರೆ, ನೋಡಿ.

ಪಾಶ್ಚಾತ್ಯ ಬ್ಯಾಂಡ್ ಸಂಗೀತದಲ್ಲಿ ಇದೇ ಕೆಲಸ ಮಾಡುವ ಕಿರುರಚನೆಯ ಹೆಸರು ಫ್ಯಾನ್‌ಫೇರ್. ಜನವರಿ 26ರ ಪಥಸಂಚಲನ, 29ರಂದು ದೆಹಲಿಯ ವಿಜಯ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್, ಬೇರೆ ದೇಶಗಳ ಪಟ್ಟಾಭಿಷೇಕ, ಒಲಿಂಪಿಕ್ಸ್ ಉದ್ಘಾಟನೆ ಇವನ್ನೆಲ್ಲ ಟಿ.ವಿ.ಯಲ್ಲಿ ನೋಡುವಾಗ ಕಾರ್ಯಕ್ರಮ ಶುರುವಾಗುವ ಮುನ್ನ ಹಿತ್ತಾಳೆ ವಾದ್ಯಗಳು ಹಠಾತ್ತನೆ ಮೊಳಗಿ ನಿಂತುಬಿಡುತ್ತವಲ್ಲ, ಅದು. ಮನೆಯಲ್ಲಿ ಮಕ್ಕಳು "ಇದೇನು, ಹಾಡು ಶುರುವಾಗುವಷ್ಟರಲ್ಲಿ ಮುಗಿದೇ ಹೋಯಿತು" ಎನ್ನುವುದುಂಟು. ಅದು ಹಾಡಲ್ಲ ಎನ್ನುವುದೇ ಅದಕ್ಕೆ ಸರಿಯಾದ ಉತ್ತರ.

ಮೊದಲು ಹೆಸರುಗಳ ಗೋಜಲು

ಫ್ಯಾನ್‌ಫೇರ್ ಫ್ರೆಂಚ್ ಪದ. ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಹಿತ್ತಾಳೆ ವಾದ್ಯಗಳ ತಂಡಕ್ಕೂ ಇದೇ ಹೆಸರಿದೆ; ಹಾಗಾಗಿ ಅಲ್ಲಿನವರು ಫ್ಯಾನ್‌ಫೇರ್ ಎಂದಾಗ ಮಾತು ಕೃತಿಯ ಬಗ್ಗೆಯೋ ತಂಡದ ಬಗ್ಗೆಯೋ ಎಂದು ಗಮನಿಸಬೇಕು. ಈ ಲೇಖನದಲ್ಲಿ ಅದು ಕೃತಿ ಮಾತ್ರ: ಕೆಲವು ಸೆಕೆಂಡುಗಳಿಂದ ಮೂರ್ನಾಲ್ಕು ನಿಮಿಷದವರೆಗಿನ, ಮುಖ್ಯವಾಗಿ ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳಿಗೂ ಚರ್ಮವಾದ್ಯಗಳಿಗೂ ಬರೆದ, ಯಾರದೋ ಆಗಮನವನ್ನೋ ಯಾವುದೋ ಗಳಿಗೆಯನ್ನೋ ಸಾರುವ ಸಂಗೀತ.

ಇನ್ನು ಬ್ಯಾಂಡ್. ಕನ್ನಡದಲ್ಲಿ ನಾವು ಬ್ಯಾಂಡ್ ಸೆಟ್ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ. ಕನ್ಸರ್ಟ್ ಬ್ಯಾಂಡ್ ಎಂದರೆ ಕ್ಲಾರಿನೆಟ್, ಕೊಳಲಿನಂಥ ಊದುವ ವಾದ್ಯಗಳು, ಹಿತ್ತಾಳೆ ವಾದ್ಯಗಳು, ತಾಳವಾದ್ಯಗಳು ಸೇರಿ ಸಭಾಂಗಣದಲ್ಲಿ ಕುಳಿತು ನುಡಿಸುವ ತಂಡ. ಇದರಲ್ಲಿ ಪಿಟೀಲುಗಳ ಸಾಲು ಇರುವುದಿಲ್ಲ. ಅದಿದ್ದರೆ ಆರ್ಕೆಸ್ಟ್ರಾ ಆಗುತ್ತದೆ. ಮಿಲಿಟರಿ ಬ್ಯಾಂಡ್‌ನಲ್ಲೂ ಹೆಚ್ಚುಕಡಿಮೆ ಇವೇ ವಾದ್ಯಗಳು. ಆದರೆ ನುಡಿಸುವವರು ಸೈನಿಕರು, ನಡೆಯುತ್ತ ನುಡಿಸಬಲ್ಲವರು, ಅವರ ಮುಖ್ಯ ಕಸುಬು ಸಮಾರಂಭ. ಬರೀ ಹಿತ್ತಾಳೆ ಮತ್ತು ಡ್ರಮ್ ಇದ್ದರೆ ಬ್ರಾಸ್ ಬ್ಯಾಂಡ್. ಚೀಲ ಹೊತ್ತು ಊದುವ ಬ್ಯಾಗ್‌ಪೈಪ್‌ನವರದು ಪೈಪ್ ಬ್ಯಾಂಡ್, ಅದರ ದಾರಿಯೇ ಬೇರೆ.

ಹಿತ್ತಾಳೆ ಮತ್ತು ಡ್ರಮ್ ಈ ಎಲ್ಲ ದೊಡ್ಡ ತಂಡಗಳಲ್ಲೂ ಇರುತ್ತವೆ. ಆದ್ದರಿಂದಲೇ ಆರ್ಕೆಸ್ಟ್ರಾಕ್ಕೆ ಬರೆದ ಒಂದು ಫ್ಯಾನ್‌ಫೇರನ್ನು ಸೈನ್ಯದ ಬ್ಯಾಂಡ್ ಮೈದಾನದಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ನುಡಿಸಬಹುದು. ಪಿಟೀಲಿನ ಕೃತಿಗೆ ಆ ಭಾಗ್ಯವಿಲ್ಲ.

ಐದೇ ಸ್ವರ ಏಕೆ?

ಬೇರೆ ಬೇರೆ ದೇಶಗಳ ಫ್ಯಾನ್‌ಫೇರ್‌ಗಳನ್ನು ಸಾಲಾಗಿ ಕೇಳಿದರೆ ಎಲ್ಲವೂ ಒಂದೇ ಮನೆತನದವು ಅನ್ನಿಸುತ್ತದೆ. ಕಾರಣ ಕಲ್ಪನೆಯ ಬಡತನವಲ್ಲ. ಕೊಳವೆಯ ಸ್ವಭಾವವೇ ಹಾಗೆ.

ಬ್ಯೂಗಲ್ ನೋಡಿ. ಸುತ್ತಿ ಮಡಚಿದ ಒಂದು ಹಿತ್ತಾಳೆ ಕೊಳವೆ, ಅಷ್ಟೇ. ಕೊಳಲಿನಂತೆ ತೂತುಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಊದುವವನು ತುಟಿಗಳನ್ನು ಬಿಗಿಹಿಡಿದು ಅದುರಿಸುತ್ತಾನೆ, ಆ ಅದುರು ಕೊಳವೆಯೊಳಗಿನ ಗಾಳಿಯನ್ನು ಅದುರಿಸುತ್ತದೆ. ಆದರೆ ಕೊಳವೆಯ ಉದ್ದ ಬದಲಾಗದೆ ಇರುವುದರಿಂದ ಆ ಗಾಳಿ ಎಲ್ಲ ವೇಗದಲ್ಲೂ ಅದುರಲು ಒಪ್ಪುವುದಿಲ್ಲ. ಒಂದು ಮೂಲ ವೇಗ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ ಪೂರ್ಣಸಂಖ್ಯೆಯ ಮಡಿಗಳಲ್ಲಿ ಮಾತ್ರ ಅದು ಚೆನ್ನಾಗಿ ಮೊಳಗುತ್ತದೆ. ಮೆಟ್ಟಿಲೇರುವವನು ಮೊದಲ ಮೆಟ್ಟಿಲಿನ ಮೇಲೋ ಎರಡನೆಯದರ ಮೇಲೋ ನಿಲ್ಲಬಹುದು, ನಡುವೆ ನಿಲ್ಲಲಾರ, ಹಾಗೆಯೇ ಇದು.

ಲೆಕ್ಕಕ್ಕೆ ಸುಲಭವಾಗಲೆಂದು ಮೂಲ ವೇಗ ಸೆಕೆಂಡಿಗೆ 100 ಅದುರು ಎಂದುಕೊಳ್ಳೋಣ. ಮುಂದಿನ ಮೆಟ್ಟಿಲುಗಳು 200, 300, 400, 500, 600. ಈಗ 200ನ್ನು ಷಡ್ಜ ಎಂದು ಹಿಡಿದರೆ, ಅದರ ಒಂದೂವರೆ ಪಟ್ಟಾದ 300 ಪಂಚಮ. 400 ಮೇಲಿನ ಷಡ್ಜ. 500 ಮೇಲಿನ ಅಂತರ ಗಾಂಧಾರ, 600 ಮೇಲಿನ ಪಂಚಮ. ಸ, ಪ, ಸ, ಗ, ಪ: ಬ್ಯೂಗಲ್‌ನವನ ಆಸ್ತಿ ಮುಖ್ಯವಾಗಿ ಈ ಐದೇ ಮೆಟ್ಟಿಲು. ಸೈನಿಕರನ್ನು ಬೆಳಿಗ್ಗೆ ಎಬ್ಬಿಸುವ ಕರೆ, ಊಟದ ಕರೆ, ಹುತಾತ್ಮರ ಸ್ಮಾರಕದ ಮುಂದೆ ಕೇಳಿಸುವ ಲಾಸ್ಟ್ ಪೋಸ್ಟ್, ಎಲ್ಲವೂ ಇಷ್ಟರಲ್ಲೇ ಹೆಣೆದವು. ರಿ, ಮ, ಧ, ನಿ ಬೇಕೆಂದರೆ ಈ ಮೆಟ್ಟಿಲುಗಳಲ್ಲಿ ಇಲ್ಲ.

ಸಂಗೀತ ಕಲಿತವರಿಗೆ ಇದು ಹೊಸದಲ್ಲ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಗಾಂಧಾರದ ತಂತಿ ಇಲ್ಲದಿದ್ದರೂ ಗಾಂಧಾರ ಕೇಳಿಸುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ತಂತಿಯೊಳಗಿಂದ ತಾನಾಗಿ ಹೊಮ್ಮುವ ಆ ಐದನೆಯ ಮಡಿಯನ್ನೇ ಬ್ಯೂಗಲ್‌ನವನು ತುಟಿ ಬಿಗಿದು ಹೊರಗೆ ತರುತ್ತಾನೆ. ತಂಬೂರಿಯಲ್ಲಿ ಪಿಸುಗುಟ್ಟುವುದು ಇಲ್ಲಿ ಕೂಗುತ್ತದೆ, ಅಷ್ಟೇ ವ್ಯತ್ಯಾಸ.

ಪ್ರಷ್ಯದ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾದ್ಯಗಾರರು 1818ರಲ್ಲಿ ಕವಾಟಕ್ಕೆ ಪೇಟೆಂಟ್ ಪಡೆದ ಮೇಲೆ ಹಿತ್ತಾಳೆ ವಾದ್ಯಗಳ ಬದುಕು ಬದಲಾಯಿತು. ಗುಂಡಿ ಒತ್ತಿದರೆ ಗಾಳಿ ಒಂದು ಹೆಚ್ಚುವರಿ ಕೊಳವೆಯನ್ನು ಸುತ್ತಿಕೊಂಡು ಬರುತ್ತದೆ, ವಾದ್ಯದ ಉದ್ದ ಬೆಳೆದಂತಾಗಿ ಸ್ವರ ಕೆಳಗಿಳಿಯುತ್ತದೆ. ಇಂದಿನ ಟ್ರಂಪೆಟ್‌ನ ಮೂರು ಗುಂಡಿಗಳಿಂದ ಏಳು ಬೇರೆ ಬೇರೆ ಉದ್ದಗಳು ಸಿಗುತ್ತವೆ, ಅವುಗಳಿಂದ ಎಲ್ಲ ಸ್ವರಗಳೂ. ಆದರೂ ಫ್ಯಾನ್‌ಫೇರ್ ಬರೆಯುವವರು ಇಂದಿಗೂ ಆ ಹಳೆಯ ಐದು ಮೆಟ್ಟಿಲುಗಳ ಜಿಗಿತವನ್ನೇ ಇಷ್ಟಪಡುತ್ತಾರೆ. ಸ-ಪ-ಸ ಎಂದು ಹಾರಿದರೆ ಸಾಕು, ಕೇಳುವವರ ಕಿವಿಗೆ ಶತಮಾನಗಳ ಅಭ್ಯಾಸದಿಂದ "ಯಾರೋ ದೊಡ್ಡವರು ಬಂದರು" ಎಂದೇ ಅರ್ಥವಾಗುತ್ತದೆ.

ಲಯಕ್ಕೂ ಒಂದು ಕಾರಣ ಇದೆ. ಸ್ವರ ಕಡಿಮೆ ಇದ್ದಲ್ಲಿ ವೈವಿಧ್ಯ ಬರಬೇಕಾದ್ದು ಬಡಿತದಿಂದ. ಟ್ರಂಪೆಟ್ ಊದುವವರು ನಾಲಿಗೆಯಿಂದ ತು-ಕು-ತು-ಕು, ತು-ತು-ಕು ಎಂದು ಉಸಿರನ್ನು ತುಂಡರಿಸುತ್ತಾರೆ. ಮೃದಂಗದ ತಕಿಟ ತಕಧಿಮಿಯನ್ನು ಬಾಯಲ್ಲಿ ಹೇಳುವಂತೆಯೇ. ದೂರದ ಬಯಲಿನಲ್ಲಿ, ಗಾಳಿಗೆ ಸ್ವರ ಅಳಿಸಿಹೋದರೂ ಲಯ ತಲುಪುತ್ತದೆ.

ಕಹಳೆ ಊದುವ ಹಕ್ಕು

ಹಿಂದಿನ ಯುರೋಪಿನಲ್ಲಿ ಯಾರು ಬೇಕಾದರೂ ಟ್ರಂಪೆಟ್ ಊದುವಂತಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ 1623ರಲ್ಲಿ ಟ್ರಂಪೆಟ್ ಮತ್ತು ಕೆಟಲ್‌ಡ್ರಮ್ ನುಡಿಸುವವರ ಸಂಘಕ್ಕೆ ವಿಶೇಷ ಅಧಿಕಾರಗಳನ್ನು ಕೊಟ್ಟ. ಟ್ರಂಪೆಟ್ಟೂ ನಗಾರಿಯೂ ದೊರೆಗಳ ಮತ್ತು ಅಶ್ವದಳದ ಗುರುತು. ಬೀದಿ ವಾದ್ಯಗಾರರಿಗೆ ಅವುಗಳಲ್ಲಿ ಪಾಲಿರಲಿಲ್ಲ.

ಆ ಕೆಟಲ್‌ಡ್ರಮ್ಮಿಗೂ ನಮ್ಮ ನಗಾರಿಗೂ ಬಳಗದ ಸಂಬಂಧವಿದೆ. ಅರಬ್ ನಾಡುಗಳ ನಕ್ಕಾರ ಧರ್ಮಯುದ್ಧಗಳ ಕಾಲದಲ್ಲಿ ಪಶ್ಚಿಮಕ್ಕೆ ಹೋಗಿ ಅಲ್ಲಿ ನೇಕರ್ ಎನ್ನಿಸಿಕೊಂಡಿತು. ಪೂರ್ವಕ್ಕೆ ಬಂದದ್ದು ನಮ್ಮ ಕೋಟೆಬಾಗಿಲ ಮೇಲಿನ ನಗಾರಿಖಾನೆಗಳಲ್ಲಿ ಕುಳಿತಿತು.

1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಮೊಂಟೆವರ್ಡಿಯ ಓರ್ಫಿಯೋ ಸಂಗೀತನಾಟಕ ಪ್ರದರ್ಶನವಾದಾಗ ಶುರುವಿಗೆ ಬಂದದ್ದೂ ಟ್ರಂಪೆಟ್‌ಗಳ ಒಂದು ಸಣ್ಣ ಫ್ಯಾನ್‌ಫೇರ್. ಪರದೆ ಏಳುವ ಮುನ್ನ ಅದನ್ನು ಮೂರು ಸಲ ನುಡಿಸಬೇಕೆಂದು ಅಚ್ಚಾದ ಪ್ರತಿಯಲ್ಲೇ ಬರೆದಿದೆ. ಯಕ್ಷಗಾನಕ್ಕೆ ಮುನ್ನ ಚೆಂಡೆಯವರು 'ಕೇಳಿ' ಎಂಬ ಬಡಿತ ಬಡಿದು ಸುತ್ತಲಿನ ಊರುಗಳಿಗೆ ಆಟದ ಸುದ್ದಿ ಮುಟ್ಟಿಸುವುದನ್ನು ಕಂಡವರಿಗೆ ಇದರ ತರ್ಕ ಹೇಳಿಕೊಡಬೇಕಿಲ್ಲ.

ಸೇನಾ ಬ್ಯಾಂಡ್‌ಗಳು ಒಂದು ಶಿಸ್ತಿಗೆ ಬಂದ ಕಥೆ ಮಾತ್ರ ಸ್ವಲ್ಪ ನಗೆ ತರಿಸುತ್ತದೆ. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ, 1854ರಲ್ಲಿ, ತುರ್ಕಿಯ ಸ್ಕುಟಾರಿಯಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಕವಾಯತು. ಸುಮಾರು 20 ಬ್ರಿಟಿಷ್ ರೆಜಿಮೆಂಟ್ ಬ್ಯಾಂಡ್‌ಗಳು ಒಟ್ಟಿಗೆ ರಾಷ್ಟ್ರಗೀತೆ ಶುರುಮಾಡಿದವು. ಒಬ್ಬೊಬ್ಬರ ಶ್ರುತಿ ಒಂದೊಂದು, ಒಬ್ಬೊಬ್ಬರ ಬರಹ ಒಂದೊಂದು. ಕೇಳಿದವರಿಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. 1857ರಲ್ಲಿ ಕೇಂಬ್ರಿಜ್‌ನ ಡ್ಯೂಕ್ ಮುಂದೆ ನಿಂತು ಲಂಡನ್ ಬಳಿಯ ನೆಲರ್ ಹಾಲ್‌ನಲ್ಲಿ ಸೇನಾ ಸಂಗೀತ ಶಾಲೆ ತೆರೆದದ್ದರ ಹಿಂದೆ ಈ ಅವಮಾನವೂ ಇದೆ ಎನ್ನುತ್ತಾರೆ. 1953ರಲ್ಲಿ ಎರಡನೆಯ ಎಲಿಜಬೆತ್ ಪಟ್ಟಾಭಿಷೇಕಕ್ಕೆ ಅರ್ನೆಸ್ಟ್ ಬುಲಕ್ ಬರೆದ ಫ್ಯಾನ್‌ಫೇರ್‌ಗಳನ್ನು ಊದಿದವರು ಅದೇ ಶಾಲೆಯ ಟ್ರಂಪೆಟ್‌ಗಾರರು. ಸ್ವತಂತ್ರ ಭಾರತದ ಸೇನೆಗೆ ಅಂಥ ಶಾಲೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ 1950ರಲ್ಲಿ ಆರಂಭವಾಯಿತು. ಆಗ ಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನ ಕೆ.ಎಂ. ಕಾರ್ಯಪ್ಪ.

ಎಣಿಸಿ ಕೊಡುವ ಮರ್ಯಾದೆ

ಸಮಾರಂಭದಲ್ಲಿ ಸದ್ದಿಗೂ ಲೆಕ್ಕ ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಯಾವ ಸಂಸ್ಥಾನಕ್ಕೆ ಎಷ್ಟು ಕುಶಾಲತೋಪು ಎಂಬ ಪಟ್ಟಿ ಇತ್ತು, ಮೈಸೂರಿಗೆ 21. ಅಮೆರಿಕದಲ್ಲಿ ಇದೇ ಲೆಕ್ಕ ಡ್ರಮ್ ಮತ್ತು ಬ್ಯೂಗಲ್‌ಗೆ ಬಂದಿದೆ. ಅಲ್ಲಿ ರಫಲ್ಸ್ ಆಂಡ್ ಫ್ಲರಿಶಸ್ ಎಂಬ ಪುಟ್ಟ ಫ್ಯಾನ್‌ಫೇರ್ ಇದೆ. ರಫಲ್ ಎಂದರೆ ಡ್ರಮ್ಮಿನ ಉರುಳಿಕೆ, ಫ್ಲರಿಶ್ ಎಂದರೆ ಅದರ ಜೊತೆಗೇ ಬರುವ ಬ್ಯೂಗಲ್ ಮೊಳಗು. ಒಂದು ನಕ್ಷತ್ರದ ಜನರಲ್‌ಗೆ ಒಂದು ಸಲ, ನಾಲ್ಕು ನಕ್ಷತ್ರದವರಿಗೆ ನಾಲ್ಕು ಸಲ. ಅಧ್ಯಕ್ಷರಿಗೂ ನಾಲ್ಕೇ, ಆದರೆ ಅದರ ಬೆನ್ನಿಗೆ ಅವರಿಗೇ ಮೀಸಲಾದ ಹೇಲ್ ಟು ದ ಚೀಫ್ ಬರುತ್ತದೆ. ಅದನ್ನು ನುಡಿಸುವ ಮರೀನ್ ಬ್ಯಾಂಡ್ 1798ರದು. ಆ ತಂಡದ 215ನೆಯ ವರ್ಷಕ್ಕೆ, 2013ರಲ್ಲಿ, ಹಾಲಿವುಡ್‌ನ ಜಾನ್ ವಿಲಿಯಮ್ಸ್ ಒಂದು ಸಮಾರಂಭದ ಕೃತಿಯನ್ನೇ ಬರೆದುಕೊಟ್ಟರು.

ನಮ್ಮಲ್ಲಿ? ರಾಷ್ಟ್ರಗೀತೆಯ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಆದೇಶಗಳಲ್ಲಿ ಇದರ ಪ್ರಸ್ತಾಪವಿದೆ. ಬ್ಯಾಂಡ್ ಜನಗಣಮನ ನುಡಿಸುವ ಮೊದಲು ಸಭಿಕರಿಗೆ ಗೊತ್ತಾಗಲೆಂದು ಡ್ರಮ್ ಉರುಳಿಸಬೇಕು. ಫ್ಯಾನ್‌ಫೇರ್ ಮೊಳಗಿದ್ದರೆ ಅಥವಾ ಬೇರೆ ಸೂಚನೆ ಇದ್ದರೆ ಬೇಕಿಲ್ಲ. ಆ ಉರುಳಿಕೆಗೂ ಅಳತೆ ಇದೆ: ನಿಧಾನ ನಡಿಗೆಯ ಏಳು ಹೆಜ್ಜೆ. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಾಗಿ ಏರಿ, ಮತ್ತೆ ಮೆಲ್ಲಗಾಗಿ, ಏಳನೆಯ ಬಡಿತದವರೆಗೂ ಕೇಳಿಸುತ್ತಿರಬೇಕು. ಆಮೇಲೆ ಒಂದು ಬಡಿತದಷ್ಟು ಮೌನ. ಅನಂತರ ಸುಮಾರು 52 ಸೆಕೆಂಡಿನ ಗೀತೆ. ಜಂಬೂಸವಾರಿಯ ದಿನ ಮೈಸೂರು ಅರಮನೆಯ ಮುಂದೆ ಅಂಬಾರಿಗೆ ಪುಷ್ಪಾರ್ಚನೆ ಆಗುತ್ತಿದ್ದಂತೆ ತೋಪಿನ ಸದ್ದಿನ ನಡುವೆ ಪೊಲೀಸ್ ಬ್ಯಾಂಡ್ ರಾಷ್ಟ್ರಗೀತೆ ಎತ್ತಿಕೊಳ್ಳುವುದನ್ನು ನೋಡಿದವರು ಬಹಳ ಮಂದಿ.

ಇಷ್ಟೆಲ್ಲದರಲ್ಲೂ ಒಂದು ಸಂಗತಿ ಬದಲಾಗುವುದಿಲ್ಲ. ಈ ಸದ್ದು ಯಾವಾಗಲೂ ಯಾರೋ ಒಬ್ಬರ ಕಡೆ ಬೆರಳು ತೋರಿಸುತ್ತದೆ: ದೊರೆ, ದಳಪತಿ, ಧ್ವಜ. ಆ ಬೆರಳನ್ನು ಬೇರೆ ಕಡೆ ತಿರುಗಿಸಿದ ಒಂದು ಕೃತಿ ಇದೆ.

1942, ಸಿನ್ಸಿನಾಟಿ

ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದು ಕೆಲವೇ ತಿಂಗಳಾಗಿತ್ತು. ಸಿನ್ಸಿನಾಟಿ ಸಿಂಫನಿ ಆರ್ಕೆಸ್ಟ್ರಾದ ನಿರ್ದೇಶಕ ಯೂಜೀನ್ ಗೂಸೆನ್ಸ್ ಇಂಗ್ಲೆಂಡಿನವರು. ಹಿಂದೆ ತಮ್ಮ ನಾಡಿನ ಸಂಗೀತಕಾರರಿಂದ ಫ್ಯಾನ್‌ಫೇರ್ ಬರೆಸಿದ ಅನುಭವ ಅವರಿಗಿತ್ತು. 1942-43ರ ಕಛೇರಿಗಳಿಗೆ ಅಮೆರಿಕದಲ್ಲಿದ್ದ ಸಂಗೀತಕಾರರಿಂದಲೂ ಒಂದೊಂದು ಬರೆಸೋಣ ಎಂದುಕೊಂಡರು. ಒಟ್ಟು 18 ಬಂದವು. ಹೆಸರುಗಳನ್ನು ಓದಿದರೆ ಯುದ್ಧದ ದಫ್ತರವೇ ಕಣ್ಣ ಮುಂದೆ ಬರುತ್ತದೆ: ಸಿಗ್ನಲ್ ದಳಕ್ಕೆ, ವೈದ್ಯಕೀಯ ದಳಕ್ಕೆ, ಪ್ಯಾರಾಟ್ರೂಪರ್‌ಗಳಿಗೆ, ವಾಯುಯೋಧರಿಗೆ, ರಷ್ಯಾಕ್ಕೆ, ಹೋರಾಡುವ ಫ್ರೆಂಚರಿಗೆ. ಗೂಸೆನ್ಸ್ ತಾವೇ ಬರೆದದ್ದು ಸರಕುಹಡಗುಗಳ ನಾವಿಕರಿಗೆ.

ಬರೆದುಕೊಟ್ಟವರಲ್ಲಿ ಆರನ್ ಕೋಪ್ಲಂಡ್ ಒಬ್ಬರು. 1900ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, ರಷ್ಯನ್ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ ಅಂಗಡಿಕಾರರ ಮಗ. ಅವರು ಹೆಸರಿಗಾಗಿ ಸಾಕಷ್ಟು ತಡಕಾಡಿದರು. ಗಂಭೀರ ಸಮಾರಂಭಕ್ಕೊಂದು ಫ್ಯಾನ್‌ಫೇರ್ ಎಂದು ಇಡೋಣವೇ? ಅಧ್ಯಕ್ಷ ರೂಸ್‌ವೆಲ್ಟ್ ಹೇಳಿದ ನಾಲ್ಕು ಸ್ವಾತಂತ್ರ್ಯಗಳಿಗೆ? ಆ ಮೇ ತಿಂಗಳಲ್ಲಿ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಒಂದು ಭಾಷಣ ಮಾಡಿ, ಬರುವ ಶತಮಾನ ಸಾಮಾನ್ಯ ಮನುಷ್ಯನದಾಗಬೇಕು ಎಂದಿದ್ದರು. ಕೋಪ್ಲಂಡ್ ಅಲ್ಲಿಗೆ ಬಂದು ನಿಂತರು: ಫ್ಯಾನ್‌ಫೇರ್ ಫಾರ್ ದ ಕಾಮನ್ ಮ್ಯಾನ್.

ಕನ್ನಡದಲ್ಲಿ ಇದಕ್ಕೆ ನಮ್ಮದೇ ಪದವಿದೆ, ಶ್ರೀಸಾಮಾನ್ಯ. ಸಾಮಾನ್ಯನ ಮುಂದೆ ಒಂದು ಶ್ರೀ ಇಟ್ಟರೆ ಏನಾಗುತ್ತದೋ, ಅವನ ಮುಂದೆ ಫ್ಯಾನ್‌ಫೇರ್ ಊದಿದರೂ ಅದೇ ಆಗುತ್ತದೆ. ನೂರಾರು ವರ್ಷ ಅರಮನೆಯ ಬಾಗಿಲಿನಲ್ಲಿದ್ದ ಸದ್ದು ತೆರಿಗೆ ಕಟ್ಟುವವನ ಬಾಗಿಲಿಗೆ ಬಂತು.

ತೆರಿಗೆಯ ಮಾತು ಸುಮ್ಮನೆ ಬಂದದ್ದಲ್ಲ. ಗೂಸೆನ್ಸ್‌ಗೆ ಹೆಸರು ಎಷ್ಟು ಹಿಡಿಸಿತೆಂದರೆ, ಇದಕ್ಕೊಂದು ವಿಶೇಷ ದಿನ ಬೇಕು, ಆದಾಯ ತೆರಿಗೆಯ ಹೊತ್ತಿಗೆ ನುಡಿಸೋಣ ಎಂದು ಪತ್ರ ಬರೆದರು. ಆಗ ಅಮೆರಿಕದಲ್ಲಿ ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನ ಮಾರ್ಚ್ 15. ಕೋಪ್ಲಂಡ್ ಖುಷಿಯಿಂದ ಒಪ್ಪಿದರು. ಮೊದಲ ಪ್ರದರ್ಶನ 1943ರ ಮಾರ್ಚ್ 12ರಂದು ಆಯಿತು.

ಕೇಳುವಾಗ ಗಮನಿಸಬೇಕಾದ್ದು

ವಾದ್ಯಗಳು ಇಷ್ಟೇ: ನಾಲ್ಕು ಹಾರ್ನ್, ಮೂರು ಟ್ರಂಪೆಟ್, ಮೂರು ಟ್ರೊಂಬೋನ್, ಒಂದು ಟ್ಯೂಬಾ, ಜೊತೆಗೆ ಟಿಂಪನಿ ಎಂಬ ನಗಾರಿ ಜೋಡಿ, ದೊಡ್ಡ ಡ್ರಮ್, ಜಾಗಟೆಯಂಥ ಟ್ಯಾಮ್‌ಟ್ಯಾಮ್. ನುಡಿಸಲು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು.

ಶುರುವಿನಲ್ಲಿ ಟ್ರಂಪೆಟ್ ಇಲ್ಲ. ಡ್ರಮ್ಮು, ನಗಾರಿ, ಟ್ಯಾಮ್‌ಟ್ಯಾಮ್ ಒಟ್ಟಿಗೆ ಬಡಿಯುತ್ತವೆ, ಸದ್ದು ಕರಗಲು ಬಿಡುತ್ತವೆ, ಮತ್ತೆ ಬಡಿಯುತ್ತವೆ. ಗುಡಿಯ ಜಾಗಟೆ ಬಡಿದ ಮೇಲೆ ಉಳಿಯುವ ಗುಂಯ್ ಎನ್ನುವ ಸದ್ದು ನೆನಪಿಸಿಕೊಳ್ಳಿ. ಸಾಧಾರಣ ಫ್ಯಾನ್‌ಫೇರ್ ಅವಸರದ್ದು. ಇಲ್ಲಿ ನಡೆ ಬಹಳ ನಿಧಾನ. ಬರುತ್ತಿರುವವನು ಕುದುರೆಯ ಮೇಲಿಲ್ಲ, ನಡೆದು ಬರುತ್ತಿದ್ದಾನೆ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ. ಕೋಪ್ಲಂಡ್ ಹಾಗೆ ಎಂದುಕೊಂಡಿದ್ದರೋ ಇಲ್ಲವೋ, ಅದು ಬೇರೆ ಮಾತು.

ಬಳಿಕ ಮೂರು ಟ್ರಂಪೆಟ್‌ಗಳೂ ಒಂದೇ ಸ್ವರಸಾಲನ್ನು ಹಿಡಿಯುತ್ತವೆ. ಮೊದಲ ಮೂರು ಸ್ವರ: ಕೆಳಗಿನ ಪಂಚಮ, ಷಡ್ಜ, ಮೇಲಿನ ಪಂಚಮ. ಮೂರೂ ಹಳೆಯ ಬ್ಯೂಗಲ್ ಮೆಟ್ಟಿಲುಗಳು! ಗಾಂಧಾರ ಬಂದಿದ್ದರೆ ಸಂತೋಷವೋ ದುಃಖವೋ ನಿರ್ಧಾರವಾಗುತ್ತಿತ್ತು, ಏಕೆಂದರೆ ಪಾಶ್ಚಾತ್ಯ ಪದ್ಧತಿಯಲ್ಲಿ ಭಾವ ಬದಲಿಸುವ ಕೀಲಿ ಗಾಂಧಾರದ ಕೈಯಲ್ಲಿದೆ: ಅಂತರ ಗಾಂಧಾರವಾದರೆ ಮೇಜರ್, ಸಾಧಾರಣ ಗಾಂಧಾರವಾದರೆ ಮೈನರ್. ಬರೀ ಸ-ಪ ಇದ್ದಾಗ ಬಾಗಿಲು ತೆರೆದೇ ಇರುತ್ತದೆ, ಬಯಲಿನ ವಿಸ್ತಾರ ಕೇಳಿಸುತ್ತದೆ.

ಎರಡನೆಯ ಸುತ್ತಿನಲ್ಲಿ ಹಾರ್ನ್‌ಗಳು ಸೇರುತ್ತವೆ, ಸ್ವರದ ಕೆಳಗೆ ಇನ್ನೊಂದು ಸ್ವರ ಬರುತ್ತದೆ. ಆಮೇಲೆ ಟ್ರೊಂಬೋನ್, ಟ್ಯೂಬಾ ಅದೇ ಮಾತನ್ನು ದಪ್ಪ ದನಿಯಲ್ಲಿ ಎತ್ತಿಕೊಳ್ಳುತ್ತವೆ. ಒಬ್ಬನ ಕೂಗಿನಿಂದ ಶುರುವಾದದ್ದು ಊರಿನ ದನಿಯಾಗುತ್ತದೆ. ನುಡಿಸುವವರಿಗೆ ಇದು ಕಷ್ಟದ ಕೆಲಸ: ನಿಧಾನ ನಡೆ, ಉದ್ದ ಸ್ವರ, ಏರುದನಿ, ತುಟಿಗೆ ಬಿಡುವಿಲ್ಲ. ಒಂದು ಟ್ರಂಪೆಟ್ ಸ್ವಲ್ಪ ಜಾರಿದರೂ, ಜೊತೆಗಿನವೆಲ್ಲ ಅದೇ ಸ್ವರದಲ್ಲಿರುವುದರಿಂದ, ಎಲ್ಲರಿಗೂ ತಿಳಿದುಬಿಡುತ್ತದೆ.

ಆಮೇಲಿನ ಪಯಣ

ಆ 18ರಲ್ಲಿ ಕೆಲವು 1944ರಲ್ಲಿ ಅಚ್ಚಾದವು. ಕಛೇರಿಗಳಲ್ಲಿ ಬಿಡದೆ ಉಳಿದದ್ದು ಕೋಪ್ಲಂಡ್‌ರದು. ಅವರೇ ಅದನ್ನು ತಮ್ಮ ಮೂರನೆಯ ಸಿಂಫನಿಯ, ಅಂದರೆ ಆರ್ಕೆಸ್ಟ್ರಾಕ್ಕೆ ಬರೆದ ಹಲವು ಭಾಗಗಳ ದೊಡ್ಡ ಕೃತಿಯ, ಕೊನೆಯ ಭಾಗಕ್ಕೆ ತಂದುಕೊಂಡರು. 1946ರಲ್ಲಿ ಬಾಸ್ಟನ್‌ನಲ್ಲಿ ಅದರ ಮೊದಲ ಪ್ರದರ್ಶನ. ಅಲ್ಲಿ ಫ್ಯಾನ್‌ಫೇರ್ ಮೊದಲು ಕೇಳಿಸುವುದು ಕೊಳಲು, ಕ್ಲಾರಿನೆಟ್‌ಗಳಲ್ಲಿ, ಮೆಲ್ಲಗೆ, ಯಾರೋ ನೆನಪು ಮಾಡಿಕೊಂಡ ಹಾಗೆ, ಆಮೇಲಷ್ಟೇ ಹಿತ್ತಾಳೆ. 1977ರಲ್ಲಿ ಇಂಗ್ಲೆಂಡಿನ ಎಮರ್ಸನ್, ಲೇಕ್ ಆಂಡ್ ಪಾಮರ್ ರಾಕ್ ತಂಡ ಇದನ್ನು ಸಿಂಥಸೈಜರ್‌ನಲ್ಲಿ ನುಡಿಸಿ ಹಿಟ್ ಮಾಡಿತು. ಇಂದು ಆಟದ ಮೈದಾನದಲ್ಲೂ ಸ್ಮಾರಕಸಭೆಯಲ್ಲೂ ಅದೇ ಕೃತಿ ಬರುತ್ತದೆ.

ಇಂಗ್ಲಿಷಿನ ಮ್ಯಾನ್ ಎಂಬ ಪದದಲ್ಲಿ ಅರ್ಧ ಜನ ಬಿಟ್ಟುಹೋದರು ಎನ್ನುವ ತಕರಾರು ಬರುವುದಕ್ಕೆ ನಾಲ್ಕು ದಶಕ ಬೇಕಾಯಿತು. ಅಮೆರಿಕದ ಸಂಗೀತಕಾರ್ತಿ ಜೋನ್ ಟವರ್ ಬರೆದ ಫ್ಯಾನ್‌ಫೇರ್ 1987ರಲ್ಲಿ ಹ್ಯೂಸ್ಟನ್ ಸಿಂಫನಿ ಆರ್ಕೆಸ್ಟ್ರಾದವರಿಂದ ಮೊದಲ ಬಾರಿಗೆ ಮೊಳಗಿತು. ಕೋಪ್ಲಂಡ್ ಬಳಸಿದ ಹಿತ್ತಾಳೆ ಬಳಗವೇ ಇಲ್ಲಿಯೂ ಇದೆ, ಡ್ರಮ್ಮುಗಳು ಇನ್ನಷ್ಟು ಚುರುಕು. ಸಾಹಸಕ್ಕೆ ಇಳಿಯುವ ಹೆಂಗಸರಿಗೆ ಅರ್ಪಿಸಿದ ಆ ಕೃತಿಯ ಹೆಸರು ಫ್ಯಾನ್‌ಫೇರ್ ಫಾರ್ ದಿ ಅನ್‌ಕಾಮನ್ ವುಮನ್. ಒಂದಕ್ಕೇ ನಿಲ್ಲದೆ, ಅದೇ ಹೆಸರಿನಡಿ ಅವರು ಮುಂದೆ ಇನ್ನೂ ಐದು ಬರೆದರು.